ಕೆಟ್ಟ ವೀಡ್ ಕಟರ್‌ಗೆ ಅಂಗಡಿಯವರು ಹೊಣೆಯಲ್ಲವೇ?

ನಾಪೋಕ್ಲು ಬಳಿಯ ಓದುಗರೊಬ್ಬರ ಪತ್ರದ ಸಾರ ಇಷ್ಟು: ‘ಮೂರು ಎಕರೆ ಕಾಫಿ ತೋಟವಿದೆ. ಜೂನ್‌ನಲ್ಲಿ ಮಡಿಕೇರಿಯ ಅಂಗಡಿಯೊಂದರಲ್ಲಿ 18,500 ರೂಪಾಯಿ ಕೊಟ್ಟು ಕಳೆ ಕತ್ತರಿಸುವ ವೀಡ್ ಕಟರ್ ತಂದೆ. ಒಂದೂವರೆ ತಿಂಗಳಿಗೇ ಗೇರ್‌ಬಾಕ್ಸ್ ಹೋಯಿತು. ಎರಡು ಸಲ ರಿಪೇರಿ ಮಾಡಿಕೊಟ್ಟರು, ಮತ್ತೆ ಅದೇ ಕಥೆ. ಈಗ, ನಾವು ಮಾರುವವರು ಮಾತ್ರ, ಕೊಯಮತ್ತೂರಿನ ಕಂಪನಿಯನ್ನೇ ಕೇಳಿ, ತೋಟಕ್ಕೆ ಬಳಸಿದರೆ ಅದು ವ್ಯಾಪಾರ, ವಾರಂಟಿ ಬರಲ್ಲ ಅನ್ನುತ್ತಾರೆ. ವಾರಂಟಿ ಕಾರ್ಡಿಗೆ ಸೀಲೇ ಹಾಕಿಲ್ಲ. ಮಾರಿದ ಮಾಲು ವಾಪಸಿಲ್ಲ ಎಂದು ಬಿಲ್ಲಿನಲ್ಲಿದೆ. ನಾನು ಕೊಯಮತ್ತೂರಿಗೆ ಅಲೆಯಬೇಕಾ? ಎರಡು ಲಕ್ಷ ಪರಿಹಾರ ಕೇಳಬಹುದಾ?’

ಅಲೆಯಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮಡಿಕೇರಿಯಲ್ಲೇ ಜಿಲ್ಲಾ ಗ್ರಾಹಕ ಆಯೋಗ ಇದೆ. ಅಂಗಡಿಯವರನ್ನೂ ಕಂಪನಿಯನ್ನೂ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ಆಗ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುವುದನ್ನು ಆಯೋಗದ ಎದುರೇ ಮಾಡಲಿ.

ನಿಜವಾದ ತಕರಾರು ಬರುವುದು ಆ ‘ವ್ಯಾಪಾರ’ದ ಮಾತಿನಲ್ಲಿ. ಇದನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಆದರೆ ಅದೇ ಕಾಯ್ದೆ, ಸ್ವಂತ ದುಡಿಮೆಯಿಂದ ಜೀವನ ಸಾಗಿಸಲೆಂದೇ ಕೊಂಡದ್ದು ವಾಣಿಜ್ಯವಲ್ಲ ಎಂದೂ ಹೇಳುತ್ತದೆ. ಯಂತ್ರವನ್ನು ತಾನೇ ನಡೆಸುವವನು ಒಬ್ಬಿಬ್ಬರ ನೆರವು ಪಡೆದ ಮಾತ್ರಕ್ಕೆ ಗ್ರಾಹಕನಲ್ಲ ಎನ್ನಲಾಗದು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಬಿತ್ತನೆ ಬೀಜದ ಪ್ರಕರಣವೊಂದರಲ್ಲಿ, 2012ರಲ್ಲಿ, ರೈತರೂ ಗ್ರಾಹಕರೇ ಎಂದಿತು. ಮುನ್ನೂರು ಎಕರೆ ಎಸ್ಟೇಟಿನ ಮಾಲೀಕರು ಹತ್ತು ಕಟರ್ ಕೊಂಡರೆ ಲೆಕ್ಕ ಬೇರೆ ಆಗಬಹುದು. ಮೂರು ಎಕರೆಯಲ್ಲಿ ಮೆಷಿನ್ ಹೆಗಲಿಗೆ ಹಾಕಿಕೊಂಡು ನೀವೇ ಕಾಡು (ಕಳೆ) ಹೊಡೆಯುತ್ತೀರಿ, ಅಲ್ವಾ? ದೂರಿನಲ್ಲಿ ಇದನ್ನು ಬಿಡಿಸಿ ಬರೆಯಿರಿ. ಬದುಕಿಗೆ ಈ ತೋಟವೇ ಆಧಾರ ಎಂಬುದನ್ನೂ ಸೇರಿಸಿ, ಆರ್‌ಟಿಸಿ (ಪಹಣಿ) ಲಗತ್ತಿಸಿ.

ಸೀಲ್ ಇಲ್ಲದ ಕಾರ್ಡಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಸೀಲ್ ಹಾಕದಿರುವುದು ಅವರ ಲೋಪ. ಕೊಂಡ ತಾರೀಕಿಗೆ ಬಿಲ್ ಇದೆ. ‘ವಾಪಸಿಲ್ಲ’ ಎಂಬ ಸಾಲಿನಿಂದಲೂ ಅವರು ಪಾರಾಗುವುದಿಲ್ಲ. ಬಿಲ್ಲಿನಲ್ಲಿ ಅವಧಿ ಹೇಳದಿದ್ದಾಗ, ದೋಷವಿರುವ ಮಾಲನ್ನು 30 ದಿನದೊಳಗೆ ವಾಪಸ್ ಪಡೆಯಲು, ಹಣ ಮರಳಿಸಲು ಒಪ್ಪದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ನಿಮಗೆ ಆ 30 ದಿನ ದಾಟಿದೆ, ಸರಿ. ಆದರೂ ದೋಷದ ದೂರಿಗೆ ಎರಡು ವರ್ಷ ಸಮಯವಿದೆ.

1930ರ ಸರಕು ಮಾರಾಟ ಕಾಯ್ದೆಯೂ ನೆರವಿಗೆ ಬರಬಹುದು. ಇಳಿಜಾರಿನ ತೋಟಕ್ಕೆ ಎಂದು ಹೇಳಿ, ಅಂಗಡಿಯವರ ಸಲಹೆ ನಂಬಿ ಕೊಂಡಿದ್ದರೆ ಮೆಷಿನ್ ಆ ಕೆಲಸಕ್ಕೆ ತಕ್ಕದ್ದಾಗಿರಬೇಕು. ನೀವೇ ಬ್ರ್ಯಾಂಡ್ ಹೆಸರು ಹೇಳಿ ಕೇಳಿದ್ದರೆ ಈ ವಾದ ಸೊರಗುತ್ತದೆ.

ಕಂಪನಿಯವರು ಏನು ಹೇಳುತ್ತಾರೆ ಎಂದು ಈಗಲೇ ಊಹಿಸಬಹುದು: ಗೇರ್‌ಬಾಕ್ಸಿಗೆ ಗ್ರೀಸ್ ಹಾಕಿಲ್ಲ, ಬ್ಲೇಡು ಕಲ್ಲಿಗೆ ಹೊಡೆದಿದೆ. ಅದಕ್ಕೇ ಊರಿನ ಮೆಕ್ಯಾನಿಕ್‌ನಿಂದ ಮೆಷಿನ್ ಬಿಚ್ಚಿಸಬೇಡಿ. ಎರಡು ರಿಪೇರಿಯ ಚೀಟಿಗಳೇ ನಿಮ್ಮ ದೊಡ್ಡ ಸಾಕ್ಷಿ. ಚೀಟಿ ಕೊಟ್ಟಿಲ್ಲವೇ? ವಾಟ್ಸಾಪ್ ಮೆಸೇಜು, ಫೋಟೊ ಉಳಿಸಿಕೊಳ್ಳಿ.

ಮೊದಲು 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಎಷ್ಟೋ ಕಂಪನಿಗಳು ಅಲ್ಲಿಗೇ ದಾರಿಗೆ ಬರುತ್ತವೆ. ಜೊತೆಗೆ 15 ದಿನ ಗಡುವು ಕೊಟ್ಟು ಇಬ್ಬರಿಗೂ ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿ. ಆಮೇಲೆ ಆಯೋಗ. ಕೊಂಡ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಅದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಕೂರಬೇಡಿ.

ಇನ್ನು ಎರಡು ಲಕ್ಷ. ಕೇಳುವುದಕ್ಕೆ ಅಡ್ಡಿಯಿಲ್ಲ, ಆದರೆ ನನಗೆ ಅದು ಒಳ್ಳೆಯ ಯೋಚನೆ ಅನ್ನಿಸುವುದಿಲ್ಲ. ಹೊಸ ಮೆಷಿನ್ ಅಥವಾ ಬಡ್ಡಿ ಸಮೇತ 18,500, ಮಡಿಕೇರಿಗೆ ಓಡಾಡಿದ ಖರ್ಚು, ಮೆಷಿನ್ ಇಲ್ಲದೆ ಕಾಡು ಹೊಡೆಸಲು ಆಳಿಗೆ ಕೊಟ್ಟ ಕೂಲಿ, ತೊಂದರೆಗೆ ಒಂದು ಹದವಾದ ಮೊತ್ತ, ಇಷ್ಟು ಕೇಳಿ. ಕೂಲಿಗೆ ಲೆಕ್ಕ ಇಟ್ಟಿಲ್ಲದಿದ್ದರೆ, ಕೊಟ್ಟ ದಿನ ಮತ್ತು ಹಣ ಬರೆದು, ಈ ವಾರವೇ ಅವರ ಸಹಿ ಹಾಕಿಸಿಟ್ಟುಕೊಳ್ಳಿ.

– ಸಂ.