ಮಾತೇ ಇಲ್ಲದ ಎಲೆಕ್ಟ್ರಾನಿಕ್ ಸಂಗೀತಕ್ಕೆ ರಾಜಕೀಯ ಎಲ್ಲಿಂದ ಬರುತ್ತದೆ?

ಹಾಡಿನ ಸಾಲಿಲ್ಲ, ಘೋಷಣೆಯಿಲ್ಲ, ಬರೀ ಮಷೀನಿನ ಸದ್ದು. ಅಂಥ ಆಲ್ಬಂ ಅನ್ನು ರಾಜಕೀಯ ಆಲ್ಬಂ ಅನ್ನುವುದು ಹೇಗೆ, ಕವರ್ ಮೇಲೆ ಬರೆದುಕೊಂಡರೆ ಸಾಕಾ ಅಂತ ಕೇಳಿದ್ದೀರಿ.

ಸಾಲದು. ನನಗೂ ಬಹಳ ದಿನ ಇದೇ ಅನುಮಾನವಿತ್ತು. ಅದನ್ನು ಕಳೆದದ್ದು ಇಂಗ್ಲೆಂಡಿನ ಎಲೆಕ್ಟ್ರಾನಿಕ್ ಸಂಗೀತಗಾರ ಮ್ಯಾಥ್ಯೂ ಹರ್ಬರ್ಟ್ 2013ರಲ್ಲಿ ತಂದ ಆಲ್ಬಂ ‘ದಿ ಎಂಡ್ ಆಫ್ ಸೈಲೆನ್ಸ್’.

ಇಡೀ ಆಲ್ಬಂ ಹುಟ್ಟಿದ್ದು ಸುಮಾರು ಐದು ಸೆಕೆಂಡಿನ ಒಂದೇ ರೆಕಾರ್ಡಿಂಗ್‌ನಿಂದ. 2011ರ ಮಾರ್ಚ್. ಲಿಬಿಯಾದಲ್ಲಿ ಗಡಾಫಿ ವಿರುದ್ಧ ಜನ ದಂಗೆ ಎದ್ದಿದ್ದರು. ಸಮುದ್ರದ ದಂಡೆಯಲ್ಲಿರುವ ತೈಲದ ಊರು ರಾಸ್ ಲನೂಫ್ ಮೇಲೆ ಗಡಾಫಿಯ ವಿಮಾನಗಳು ಬಾಂಬ್ ಹಾಕುತ್ತಿದ್ದವು. ಯುದ್ಧದ ಫೋಟೊ ತೆಗೆಯಲು ಹೋಗಿದ್ದ ಸೆಬಾಸ್ಟಿಯನ್ ಮೇಯರ್ ಅಲ್ಲಿ ಸದ್ದನ್ನೂ ಹಿಡಿದರು. ಎಚ್ಚರಿಸುವ ಒಂದು ಸಿಳ್ಳೆ, ಕೂಗಾಟ, ವಿಮಾನ, ಆಮೇಲೆ ಬಾಂಬ್. ಅಷ್ಟೇ.

ಟಿವಿಯಲ್ಲಾದರೆ ಇದು ಬಂದು ಹೋಗುವುದು ಗೊತ್ತೇ ಆಗುವುದಿಲ್ಲ. ಹರ್ಬರ್ಟ್ ಅದನ್ನು ಹೋಗಲು ಬಿಡುವುದಿಲ್ಲ. ಮೂರು ಭಾಗಗಳಲ್ಲಿ ಮೊದಲನೆಯದೇ ಇಪ್ಪತ್ತು ನಿಮಿಷ ದಾಟುತ್ತದೆ.

ಇದು ಹೇಗೆ ಸಾಧ್ಯ ಅಂದರೆ, ಸಿಡಿ ಗುಣಮಟ್ಟದ ಸದ್ದಿನಲ್ಲಿ ಒಂದು ಸೆಕೆಂಡಿಗೆ 44,100 ಅಳತೆಗಳಿರುತ್ತವೆ. ಐದು ಸೆಕೆಂಡಿಗೆ 2,20,500. ರೆಕಾರ್ಡ್ ಮಾಡಿದ ಸದ್ದನ್ನು ವಾದ್ಯದಂತೆ ನುಡಿಸುವ ಸ್ಯಾಂಪ್ಲರ್ ಎಂಬ ಯಂತ್ರ ಅಷ್ಟರಲ್ಲಿ ಒಂದು ಚೂರನ್ನು ಕತ್ತರಿಸಿ ಸುತ್ತಿ ಸುತ್ತಿ ನುಡಿಸಬಲ್ಲದು. ಕೂದಲೆಳೆಯಷ್ಟು ಚೂರಾದರೆ ಅದು ಶ್ರುತಿಯಾಗಿ ಕೇಳುತ್ತದೆ. ಸ್ವಲ್ಪ ಉದ್ದವಾದರೆ ಬೀಟ್ ಆಗುತ್ತದೆ. ನಿಧಾನ ಮಾಡಿದರೆ ಸ್ಫೋಟ ಗುಡುಗಿನ ಹಾಗೆ ಉರುಳುತ್ತದೆ. ಹರ್ಬರ್ಟ್ ಸೇರಿ ನಾಲ್ಕು ಜನ ಕೂತು ಇದನ್ನು ವಾದ್ಯ ನುಡಿಸುವ ಹಾಗೆಯೇ ನುಡಿಸಿದ್ದಾರೆ. ಬೇರೆ ವಾದ್ಯದ ಸದ್ದಿಲ್ಲ.

ನಾನು ಮೊದಲು ಕೇಳಿದ್ದು ರಾತ್ರಿ, ಹೆಡ್‌ಫೋನಿನಲ್ಲಿ. ಸ್ವಲ್ಪ ಹೊತ್ತಿಗೆ ತಾಳ ಹಿಡಿದಿದ್ದೆ. ತಲೆ ತೂಗುತ್ತಿತ್ತು. ಅಷ್ಟರಲ್ಲಿ ಮತ್ತೆ ಆ ಸಿಳ್ಳೆ ಬಂತು. ಎದೆ ಝಲ್ಲೆಂದಿತು. ನಾನು ತಲೆ ತೂಗುತ್ತಿದ್ದದ್ದು ಯಾರೋ ಓಡುತ್ತಾ ಕೂಗಿದ ದನಿಯ ಚೂರಿಗೆ! ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಲ್ಲೇ ಇದೆ. ‘ಯುದ್ಧ ಬೇಡ’ ಅಂತ ಹಾಡಿದ್ದರೆ ನಾನು ಹೂಂ ಅಂದು ಮುಂದೆ ಹೋಗುತ್ತಿದ್ದೆ. ಇಲ್ಲಿ ಹೂಂ ಅನ್ನಲು ಮಾತೇ ಇಲ್ಲ. ಸದ್ದು ಯಾವುದರಿಂದ ಆಗಿದೆ ಅನ್ನುವುದೇ ರಾಜಕೀಯ. ಅದನ್ನು ಸಂಗೀತದಿಂದ ಬಿಡಿಸಿ ತೆಗೆಯಲು ಆಗುವುದಿಲ್ಲ.

ಇನ್ನೊಂದು ವಿಷಯ ನನಗೆ ತುಂಬಾ ಮುಖ್ಯ. ಈ ನಾಲ್ವರು ನುಡಿಸಿದ್ದರ ರೆಕಾರ್ಡಿಂಗ್ ಆದದ್ದು ವೇಲ್ಸ್‌ನ ಹೇ-ಆನ್-ವೈ ಹತ್ತಿರ. ಸ್ಟುಡಿಯೊ ಹೊರಗೂ ಮೈಕ್ ಇಟ್ಟಿದ್ದರು. ಹಾಗಾಗಿ ಲಿಬಿಯಾದ ಬಾಂಬಿನ ಜೊತೆ ನೆಮ್ಮದಿಯಾಗಿರುವ ಒಂದು ಹಳ್ಳಿಗಾಡಿನ ಗಾಳಿಯೂ ಸೇರಿದೆ. ಕೇಳುವ ನಾವು ಎಲ್ಲಿ ಕೂತಿದ್ದೇವೆ ಅನ್ನುವುದನ್ನು ಅವರು ಮುಚ್ಚಿಡಲಿಲ್ಲ. ಅದೇ 2011ರ ಮಾರ್ಚ್ 19ರಿಂದ ಬ್ರಿಟನ್ನಿನ ಪಡೆಗಳೂ ಲಿಬಿಯಾದ ಮೇಲೆ ದಾಳಿಗಿಳಿದವು, ಗಡಾಫಿಯ ಸೈನ್ಯವನ್ನು ತಡೆಯಲು ಅಂತ. ಅಂದರೆ ಬಾಂಬಿನ ಸದ್ದು ಹರ್ಬರ್ಟ್‌ಗೆ ಬರೀ ದೂರದವರ ಕತೆಯಲ್ಲ, ಅವರ ದೇಶದ್ದೂ ಹೌದು.

ಇದು ಅವರಿಗೆ ಹೊಸದೂ ಅಲ್ಲ. ಡ್ರಮ್ ಮಷೀನ್ ಬಳಸಬಾರದು, ಬೇರೆಯವರ ಸಂಗೀತದಿಂದ ಚೂರು ಎತ್ತಬಾರದು ಅಂತ 2000ದಲ್ಲೇ ತಮಗೆ ತಾವೇ ನಿಯಮ ಬರೆದುಕೊಂಡವರು. 2011ರ ಆಲ್ಬಂ ‘ಒನ್ ಪಿಗ್’ನಲ್ಲಿ ಒಂದು ಹಂದಿಯ ಸದ್ದುಗಳನ್ನು ಹುಟ್ಟಿನಿಂದ ಊಟದ ತಟ್ಟೆಯವರೆಗೆ ಹಿಂಬಾಲಿಸಿದರು. ಅದೂ ಒಳ್ಳೆಯದೇ. ಆದರೆ ನನ್ನನ್ನು ಹಿಡಿದಿಟ್ಟದ್ದು ಈ ಐದು ಸೆಕೆಂಡು.

ಬೇರೆಯವರ ಭಯವನ್ನು ಕಲೆ ಮಾಡುವುದು ಸರಿಯಾ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ ಅಲ್ವಾ? ಕೆಲವು ಕಡೆ ಸದ್ದು ಎಷ್ಟು ಚೆಂದ ಆಗುತ್ತದೆ ಅಂದರೆ ನನಗೂ ಮುಜುಗರವಾಗುತ್ತದೆ. ಆದರೂ ಅದನ್ನು ಸುಮ್ನೆ ದಾಟಿ ಹೋಗುವುದಕ್ಕಿಂತ ಇದೇ ಹೆಚ್ಚು ಮರ್ಯಾದೆ ಅಂತ ನನ್ನ ಅನಿಸಿಕೆ.

ಕೇಳುವುದಾದರೆ ಕೆಲಸ ಮಾಡುತ್ತಾ ಹಿನ್ನೆಲೆಗೆ ಹಾಕಿಕೊಳ್ಳಬೇಡಿ. ಜಾಸ್ತಿ ಸೌಂಡ್ ಕೂಡ ಬೇಡ, ಸ್ಫೋಟ ಕಿವಿಗೆ ಬಡಿಯುತ್ತದೆ. ಯುದ್ಧ ಕಂಡು ಬಂದವರು ಮನೆಯಲ್ಲಿದ್ದರೆ ಅವರಿಗೆ ಕೇಳದ ಹಾಗೆ ಹಾಕಿ. ಮೊದಲ ಭಾಗವನ್ನು ನಡುವೆ ನಿಲ್ಲಿಸದೆ ಕೇಳಿ. ಸಿಳ್ಳೆ ಎಷ್ಟು ಸಲ ಮರಳಿ ಬರುತ್ತದೆ ಅಂತ ಗಮನವಿಡಿ. ನಾನಂತೂ ಪ್ರತಿ ಸಲವೂ ಅದು ಕೇಳಿದ ಕೂಡಲೇ ಉಸಿರು ಬಿಗಿ ಹಿಡಿಯುತ್ತೇನೆ, ಮುಂದೇನು ಅಂತ ಗೊತ್ತಿದ್ದರೂ.