ಉಳಿದ ಉಣ್ಣಿ ಔಷಧಿಗೆ ನೀರು ಸೇರಿಸಿದರೆ ಡೋಸ್ ಎಷ್ಟಾಗುತ್ತದೆ?

ಸುರಪುರದ ಅಣ್ಣಾವ್ರೆ, ನಿಮ್ಮ ಪ್ರಶ್ನೆ ಓದಿದೆ. 12.5 ಪರ್ಸೆಂಟ್ ಅಮಿತ್ರಾಜ್ ಅನ್ನೋ ಉಣ್ಣಿ ಔಷಧಿಯನ್ನು ಲೀಟರಿಗೆ 2 ಎಂಎಲ್ ಲೆಕ್ಕದಲ್ಲಿ 10 ಲೀಟರ್ ಕಲಸಿದ್ದೀರಿ. ಕುರಿಗಳಿಗೆ ಹೊಡೆದು 4 ಲೀಟರ್ ಉಳಿಯಿತು. ಮರುದಿನ ಅದಕ್ಕೇ 6 ಲೀಟರ್ ನೀರು ಹಾಕಿ ಆಡುಗಳಿಗೆ ಹೊಡೆದಿದ್ದೀರಿ. ಕುರಿ ಮೈಮೇಲಿನ ಉಣ್ಣಿ ಉದುರಿದವು, ಆಡಿನವು ಉದುರಲಿಲ್ಲ. ಔಷಧಿ ನಕಲಿಯಾ ಅಂತ ಕೇಳಿದ್ದೀರಿ.

ನಕಲಿ ಆಗಿದ್ದರೆ ಕುರಿಗೂ ಕೆಲಸ ಮಾಡ್ತಿರಲಿಲ್ಲ, ಅಲ್ವಾ? ಲೆಕ್ಕ ನೋಡಿ. 12.5 ಪರ್ಸೆಂಟ್ ಅಂದ್ರೆ 100 ಎಂಎಲ್‌ನಲ್ಲಿ 12.5 ಗ್ರಾಂ ಅಸಲಿ ಮದ್ದು. ಒಂದು ಎಂಎಲ್‌ಗೆ 125 ಮಿಲಿಗ್ರಾಂ. ಲೀಟರಿಗೆ 2 ಎಂಎಲ್ ಹಾಕಿದರೆ 250 ಮಿಲಿಗ್ರಾಂ. ಉಣ್ಣಿಗೆ ಬೇಕಾದ ಡೋಸ್ ಇದೇ.

ಉಳಿದ 4 ಲೀಟರಿನಲ್ಲಿ 4 ಸಲ 250, ಅಂದ್ರೆ 1000 ಮಿಲಿಗ್ರಾಂ ಇತ್ತು. ನೆಂಟರು ಬಂದರು ಅಂತ ಸಾರಿಗೆ ನೀರು ಸುರಿದರೆ ಉಪ್ಪು ಹೆಚ್ಚುತ್ತಾ? ಅದೇ ಉಪ್ಪು, ಸಾರು ಸಪ್ಪೆ. ನಿಮ್ಮ 1000 ಮಿಲಿಗ್ರಾಂ ಈಗ 10 ಲೀಟರಿಗೆ ಹಂಚಿತು. ಲೀಟರಿಗೆ ಬರೀ 100. ಅರ್ಧಕ್ಕಿಂತ ಕಮ್ಮಿ! ಹೀಗೆ ಸಪ್ಪೆ ಡೋಸ್ ಮತ್ತೆ ಮತ್ತೆ ಹೊಡೆದರೆ ತಡೆದುಕೊಂಡ ಉಣ್ಣಿಗಳೇ ಉಳಿದು ಮರಿ ಮಾಡುತ್ತವೆ. ಮುಂದೆ ಸರಿಯಾದ ಡೋಸಿಗೂ ಬಗ್ಗುವುದಿಲ್ಲ. ನನಗೆ ಅದರದ್ದೇ ಚಿಂತೆ.

ಲೆಕ್ಕದ ಪ್ರಕಾರ 250ಕ್ಕೆ ತರಲು ಇನ್ನೂ 1500 ಮಿಲಿಗ್ರಾಂ, ಅಂದ್ರೆ 12 ಎಂಎಲ್ ಸೇರಿಸಬೇಕಿತ್ತು. ಆದರೆ ಹಾಗೂ ಮಾಡಬೇಡಿ. ನೀರಲ್ಲಿ ಕಲಸಿಟ್ಟ ಅಮಿತ್ರಾಜ್ ಕೆಡುತ್ತಾ ಹೋಗುತ್ತದೆ. ಅವತ್ತಿಗೆ ಬೇಕಾದಷ್ಟು ಅವತ್ತೇ ಕಲಸಿ. ಉಳಿದದ್ದನ್ನು ಬಾವಿ, ಹಳ್ಳದ ಕಡೆ ಚೆಲ್ಲಬೇಡಿ, ಮೀನಿಗೆ ವಿಷ. ಕುದುರೆಗಂತೂ ಈ ಔಷಧಿ ಮುಟ್ಟಿಸಲೇಬೇಡಿ.

ಇನ್ನೊಂದು, ಮುಚ್ಚಳದಲ್ಲಿ ಅಳೆಯುವ ಅಭ್ಯಾಸ ಬಿಡಿ. ಭಾಲ್ಕಿಯಲ್ಲಿ ನಮ್ಮ ದೇವಣಿ ಹಸುಗಳಿಗೆ ನಾನು ಎರಡು ವರ್ಷ ಒಂದು ಮುಚ್ಚಳ ಅಂದ್ರೆ 5 ಎಂಎಲ್ ಅಂತ ನಂಬಿ ಹಾಕುತ್ತಿದ್ದೆ. ಒಂದಿನ ಸಿರಿಂಜಿನಿಂದ ನೀರು ಬಿಟ್ಟು ನೋಡಿದೆ. 5 ದಾಟಿತು, 6, 7, ಅಂಚಿಗೆ ಬಂದಾಗ 8. 250 ಅಂದುಕೊಂಡಲ್ಲಿ 400 ಹೊಡೆದಿದ್ದೆ. ಬಕೇಟೂ ಹಾಗೇ, ಅಂಗಡಿಯವರು ಹೇಳಿದ ಲೀಟರ್ ನಂಬಬೇಡಿ. ಒಂದು ಲೀಟರ್ ಬಾಟಲಿಯಿಂದ ನೀರು ಎಣಿಸಿ ಸುರಿದು, ಒಳಗೆ ಗೆರೆ ಹಾಕಿಕೊಳ್ಳಿ. ಸೂಜಿ ಇಲ್ಲದ 10 ಎಂಎಲ್ ಸಿರಿಂಜ್ ಒಂದನ್ನು ಇದಕ್ಕೇ ಅಂತ ಬೇರೆ ಇಡಿ.

ಈ ಸಲ ಆಡುಗಳಿಗೆ 5 ಲೀಟರ್ ಸಾಕಾದರೆ 10 ಎಂಎಲ್ ಹೊಸದಾಗಿ ಕಲಸಿ. ಕೈಗವಸು ಹಾಕಿಕೊಳ್ಳಿ. ಕಿವಿಯ ಹಿಂದೆ, ಬಾಲದ ಬುಡ, ತೊಡೆ ಸಂದಿ ಬಿಡಬೇಡಿ. ಕೊಟ್ಟಿಗೆ ಗೋಡೆಯ ಬಿರುಕಿಗೂ ಹೊಡೆಯಿರಿ, ಉಣ್ಣಿ ಮೊಟ್ಟೆ ಇಡುವುದೇ ಅಲ್ಲಿ. ಗಬ್ಬದ ಆಡು, ಎಳೆ ಮರಿ ಇದ್ದರೆ ಮೊದಲು ಪಶು ಡಾಕ್ಟರನ್ನು ಕೇಳಿ.

ಹೊಸ ಬಾಟಲಿ ತಂದರೆ ಪರ್ಸೆಂಟ್ ಓದದೆ ಹಳೇ ಅಳತೆ ಹಾಕಬೇಡಿ. ಅದು 5 ಪರ್ಸೆಂಟ್ ಇದ್ದರೆ ಒಂದು ಎಂಎಲ್‌ಗೆ 50 ಮಿಲಿಗ್ರಾಂ ಮಾತ್ರ. ಆಗ ಲೀಟರಿಗೆ 2 ಅಲ್ಲ, 5 ಎಂಎಲ್ ಬೇಕು. ಅನುಮಾನ ಬಂದರೆ ಲೇಬಲ್ ಫೋಟೋ ಇಲ್ಲೇ ಹಾಕಿ, ಹೊಡೆಯುವ ಮೊದಲು ಸೇರಿ ಲೆಕ್ಕ ಹಾಕೋಣ.