ಎಂಜಿನ್ ಬದಲಿಸುವ ಮುಂಚೆ ಸಿಸ್ಟಂ ಶಾಕ್ ಕತೆ ಒಮ್ಮೆ ಕೇಳಿ

ಕಿರಣ್ ಅವರೇ, ನಿಮ್ಮ ಪೋಸ್ಟ್ ಎರಡು ಸಲ ಓದಿದೆ. ಹಳೇ ಮೇಜ್ ಗೇಮ್‌ನ (ಸುತ್ತುಬಳಸಿನ ಓಣಿಗಳಲ್ಲಿ ದಾರಿ ಹುಡುಕುವ ಆಟ) ರೀಮೇಕ್, ಯೂನಿಟಿ ಎಂಬ ಎಂಜಿನ್‌ನಲ್ಲಿ, ಅಂದರೆ ಗೇಮ್ ಕಟ್ಟುವ ಸಾಫ್ಟ್‌ವೇರ್‌ನಲ್ಲಿ, ಎರಡು ಲೆವೆಲ್ ಓಡುತ್ತಿದೆ, ಆಡಿದವರು ಇಷ್ಟಪಟ್ಟಿದ್ದಾರೆ. ಈಗ ಅದನ್ನು ಬಿಟ್ಟು ಅನ್‌ರಿಯಲ್ ಎಂಬ ಇನ್ನೊಂದು ಎಂಜಿನ್‌ಗೆ ಹೋಗಬೇಕು, ಹೇಗೂ ಹೋಗುತ್ತೇವಲ್ಲ ಅಂತ ಹೊಸ ಕತೆ, ಕ್ರಾಫ್ಟಿಂಗ್ (ಸಾಮಾನು ಜೋಡಿಸಿ ಹೊಸದು ಮಾಡುವುದು), ಓಪನ್ ವರ್ಲ್ಡ್ (ಬೇಕಾದಲ್ಲಿ ತಿರುಗಾಡುವ ಲೋಕ) ಎಲ್ಲ ಸೇರಿಸಬೇಕು ಅಂದಿದ್ದೀರಿ. ದಯವಿಟ್ಟು ಬೇಡ. 2019ರಲ್ಲಿ ನಾನು ಮಾಡಿದ್ದೂ ಇದನ್ನೇ. ಎರಡು ವರ್ಷ ಹೋಯಿತು.

ನನ್ನದು ಬಿಡಿ, ದೊಡ್ಡವರದ್ದು ನೋಡಿ. ನೈಟ್‌ಡೈವ್ ಎಂಬ ಗೇಮ್ ಕಂಪನಿಯವರು 1994ರ ಸಿಸ್ಟಂ ಶಾಕ್ ಗೇಮ್‌ನ ರೀಮೇಕ್‌ಗೆ 2016ರಲ್ಲಿ ಕಿಕ್‌ಸ್ಟಾರ್ಟರ್ ಮಾಡಿದರು, ಅಂದರೆ ಜನರಿಂದಲೇ ಆನ್‌ಲೈನ್‌ನಲ್ಲಿ ದುಡ್ಡು ಕೇಳಿದರು. ಕೇಳಿದ್ದು 9 ಲಕ್ಷ ಡಾಲರ್, ಬಂದದ್ದು ಸುಮಾರು 13.5 ಲಕ್ಷ. 21,000ಕ್ಕೂ ಜಾಸ್ತಿ ಜನ ದುಡ್ಡು ಹಾಕಿದರು. ಯೂನಿಟಿಯಲ್ಲಿ ಮಾಡಿದ ಡೆಮೊ ಎಲ್ಲರ ಕೈಯಲ್ಲಿತ್ತು. 2017ರ ಡಿಸೆಂಬರ್‌ಗೆ ಗೇಮ್ ಕೊಡುತ್ತೇವೆ ಅಂದಿದ್ದರು. 2017ರ ಮಾರ್ಚ್‌ನಲ್ಲಿ ಅನ್‌ರಿಯಲ್ 4ಕ್ಕೆ ಹೋದರು. ಕೆಲಸ ಮಾಡಿದಷ್ಟೂ ಆಸೆ ಬೆಳೆಯಿತು, ಗೇಮ್ ಮೂಲದಿಂದ ದೂರ ಸರಿಯಿತು, ಬಜೆಟ್ ಏರಿತು, ಪಬ್ಲಿಷರ್ ಹುಡುಕಾಟ ಶುರುವಾಯಿತು. 2018ರ ಫೆಬ್ರವರಿಯಲ್ಲಿ ಕೆಲಸವನ್ನೇ ನಿಲ್ಲಿಸಿದರು. ಮುಖ್ಯಸ್ಥ ಸ್ಟೀಫನ್ ಕಿಕ್ ಪತ್ರ ಬರೆದು, ನಾವು ಗುರಿ ಬಿಟ್ಟೆವು, ಜವಾಬ್ದಾರಿ ನನ್ನದೇ ಅಂತ ಒಪ್ಪಿಕೊಂಡ. ಆ ಪತ್ರ ಓದಿದ್ದೆ ನಾನು. ಓದಿಯೂ ಮರುವರ್ಷ ಅದೇ ಹಳ್ಳಕ್ಕೆ ಬಿದ್ದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಒಂದು ವಿಷಯ ಗಮನಿಸಿ. ವಾಪಸ್ ಬಂದಾಗ ಅವರು ಅನ್‌ರಿಯಲ್ ಬಿಡಲಿಲ್ಲ. ಬಿಟ್ಟದ್ದು ಹೊಸ ಆಸೆಗಳನ್ನು. ಮೂಲ ಗೇಮ್‌ನ ಕತೆ ನಡೆಯುವ ಬಾಹ್ಯಾಕಾಶ ನಿಲ್ದಾಣ ಸಿಟಡೆಲ್ ಸ್ಟೇಷನ್‌ನ ಮಹಡಿಗಳು, ಓಣಿಗಳು ಹೆಚ್ಚುಕಡಿಮೆ ಇದ್ದ ಹಾಗೇ ಉಳಿದವು. ಗೇಮ್‌ನ ಖಳನಾಯಕಿ, ಶೋಡನ್ ಎಂಬ ಕಂಪ್ಯೂಟರ್‌ಗೆ ದನಿ ಕೊಟ್ಟಿದ್ದ ಟೆರಿ ಬ್ರೋಸಿಯಸ್ ಅವರನ್ನೇ ಮತ್ತೆ ಕರೆದರು. ಕಾದಾಟ, ಕತೆ, ಪಜಲ್, ಸೈಬರ್‌ಸ್ಪೇಸ್ (ಕಂಪ್ಯೂಟರ್ ಜಾಲದೊಳಗೆ ಹೊಕ್ಕು ಆಡುವ ಭಾಗ) ಒಂದೊಂದಕ್ಕೂ ಬೇರೆ ಬೇರೆ ಕಷ್ಟದ ಮಟ್ಟ ಇಡುವ 1994ರ ಪದ್ಧತಿಯನ್ನೂ ಮುಟ್ಟಲಿಲ್ಲ. ಗೋಡೆ, ನೆಲದ ಮೇಲಿನ ಚಿತ್ರದ (ಟೆಕ್ಸ್ಚರ್) ಹತ್ತಿರ ಹೋಗಿ ನೋಡಿ, ಬೇಕಂತಲೇ ಚೌಕ ಚೌಕ ಪಿಕ್ಸೆಲ್ ಇಟ್ಟಿದ್ದಾರೆ. ಬದಲಿಸಿದ್ದು ಕೈಗೆ ಒಡ್ಡೊಡ್ಡಾಗಿದ್ದ ಹಳೇ ಕಂಟ್ರೋಲ್, ಇನ್ವೆಂಟರಿ (ಆಟಗಾರನ ಸಾಮಾನಿನ ಪಟ್ಟಿ), ಬೆಳಕು. 2023ರ ಮೇ 30ಕ್ಕೆ ಪಿಸಿಯಲ್ಲಿ ಬಂತು, ಹಳೇ ಅಭಿಮಾನಿಗಳೂ ಹೊಸಬರೂ ಮೆಚ್ಚಿದರು. ಮರುವರ್ಷ ಕನ್ಸೋಲ್‌ಗೂ ಬಂತು. ಮಾತು ಕೊಟ್ಟ ದಿನದಿಂದ ಐದೂವರೆ ವರ್ಷ ತಡ.

ಈಗ ನನ್ನದು. ಬ್ರೌಸರ್‌ನಲ್ಲೇ ಆಡುವ ಫ್ಲ್ಯಾಶ್ ಗೇಮ್‌ಗಳ ಕಾಲದಲ್ಲಿ ನಾನೂ ಗೆಳೆಯನೂ ಸೇರಿ ಒಂದು ಗೇಮ್ ಮಾಡಿದ್ದೆವು. ಬಾವಿಯೊಳಗಿನ ಕಲ್ಲುಗಳ ಮೇಲೆ ನೆಗೆಯುತ್ತಾ ಹುಡುಗನೊಬ್ಬ ಮೇಲೆ ಬರಬೇಕು, ಅಷ್ಟೇ. ಅದರ ರೀಮೇಕ್ ಯೂನಿಟಿಯಲ್ಲಿ ಅರ್ಧ ಆಗಿತ್ತು. ಅನ್‌ರಿಯಲ್‌ಗೆ ಹೋದೆ. ಅಲ್ಲಿ ಒಂದು ಯೂನಿಟ್ (ಅಳತೆಯ ಘಟಕ) ಅಂದರೆ ಸೆಂಟಿಮೀಟರ್, ಇಲ್ಲಿ ಯೂನಿಟಿಯಲ್ಲಿ ಮೀಟರ್. ಅಲ್ಲಿ ಮೇಲೆ ಅಂದರೆ ಝಡ್, ಇಲ್ಲಿ ವೈ. ಗುರುತ್ವ, ನೆಗೆತದ ವೇಗ, ಕಲ್ಲುಗಳ ಅಂತರ ಎಲ್ಲ ಅಂದಾಜಿನಲ್ಲಿ ಹಾಕಿದೆ. ಜೊತೆಗೆ ಬಾವಿಯ ಸುತ್ತ ಒಂದು ಊರು ಕಟ್ಟಿದೆ, ಸಂತೆ ಇಟ್ಟೆ. ನೋಡಲು ಚೆಂದ ಇತ್ತು. ಗೆಳೆಯ ಬಂದು ಐದು ನಿಮಿಷ ಆಡಿ ಕೀಬೋರ್ಡ್ ಪಕ್ಕಕ್ಕೆ ತಳ್ಳಿದ. "ಇವನು ನಮ್ಮ ಹುಡುಗ ಅಲ್ಲ ಕಣೋ" ಅಂದ. ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ಆಮೇಲೆ ಮಾಡಿದ ಕೆಲಸ ಹೇಳುತ್ತೇನೆ, ಇದನ್ನು ಇವತ್ತೇ ಮಾಡಿ. ಹಳೇ ಗೇಮ್ ಓಡಿಸಿ ಸೆಕೆಂಡಿಗೆ 60 ಫ್ರೇಮ್‌ನಲ್ಲಿ (ಫ್ರೇಮ್ ಅಂದರೆ ವಿಡಿಯೊದ ಒಂದು ಚಿತ್ರ) ರೆಕಾರ್ಡ್ ಮಾಡಿ. ನನ್ನ ಫ್ಲ್ಯಾಶ್ ಗೇಮ್‌ನ ಎಸ್‌ಡಬ್ಲ್ಯೂಎಫ್ ಫೈಲ್ ರಫಲ್ ಎಂಬ ಎಮ್ಯುಲೇಟರ್‌ನಲ್ಲಿ (ಹಳೇ ಗೇಮ್ ಓಡಿಸುವ ಸಾಫ್ಟ್‌ವೇರ್) ಓಡಿತು. ರೆಕಾರ್ಡ್ ಮಾಡಿದ್ದನ್ನು ವಿಎಲ್‌ಸಿ ವಿಡಿಯೊ ಪ್ಲೇಯರ್‌ನಲ್ಲಿ ತೆಗೆದು 'ಇ' ಕೀ ಒತ್ತಿದರೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ. ಕಾಲು ನೆಲ ಬಿಟ್ಟ ಫ್ರೇಮ್‌ನಿಂದ ಮತ್ತೆ ನೆಲ ಮುಟ್ಟುವವರೆಗೆ ಎಣಿಸಿ. ನಮ್ಮ ಹಳೇ ಹುಡುಗನದ್ದು 44 ಫ್ರೇಮ್. ನಾನು ಅನ್‌ರಿಯಲ್‌ನಲ್ಲಿ ಮಾಡಿದವನದ್ದು 62. ಎರಡು ವರ್ಷದ ಬೇಜಾರು ಆ 18 ಫ್ರೇಮ್‌ನಲ್ಲಿತ್ತು. ನೆಗೆತ ಒಂದೇ ಅಲ್ಲ, ಓಟ ಪೂರ್ತಿ ವೇಗಕ್ಕೆ ಬರಲು ಎಷ್ಟು ಫ್ರೇಮ್, ಬಾಗಿಲು ತೆರೆಯಲು ಎಷ್ಟು, ಪೆಟ್ಟು ಬಿದ್ದ ಮೇಲೆ ಎಷ್ಟು ಹೊತ್ತು ಮಿನುಗುತ್ತಾನೆ, ಎಲ್ಲ ಬರೆದಿಡಿ. ನನ್ನ ನೋಟ್‌ಬುಕ್‌ನಲ್ಲಿ ಹನ್ನೊಂದು ಪುಟ ಆಯಿತು. ಯೂನಿಟಿಯ ಹಳೇ ಪ್ರಾಜೆಕ್ಟ್ ತೆಗೆದು, ಊರು, ಸಂತೆ ಎಲ್ಲ ಬಿಟ್ಟು, ಆ ಪುಟ ನೋಡಿಕೊಂಡು ಎಂಟು ತಿಂಗಳಲ್ಲಿ ಮುಗಿಸಿದೆ. ಆದರೆ ಮೂಲವೇ 30 ಫ್ರೇಮ್‌ನದ್ದಾದರೆ ಒಂದೆರಡು ಫ್ರೇಮ್ ಆಚೀಚೆ ಬರುತ್ತದೆ, ಮೂರು ಸಲ ಅಳೆಯಿರಿ. ಎಮ್ಯುಲೇಟರ್ ವೇಗ ಸರಿ ಇದೆಯಾ ಅಂತಲೂ ಮೊದಲೇ ನೋಡಿ.

ಮೇಲಿನ ಕಾಮೆಂಟ್‌ಗಳಲ್ಲಿ ಇಬ್ಬರು "ಲುಮೆನ್ ಹಾಕಿ, ನ್ಯಾನೈಟ್ ಹಾಕಿ" ಅಂದಿದ್ದಾರೆ, ಅನ್‌ರಿಯಲ್‌ನ ಬೆಳಕು, ಸೂಕ್ಷ್ಮ ಆಕಾರಗಳ ತಂತ್ರಗಳು ಅವು. ಸಂಜೆ ಎರಡು ಗಂಟೆ ಕೂತು ಒಬ್ಬರೇ ಮಾಡುವ ಮೇಜ್ ಗೇಮ್‌ಗೆ ಅದು ಯಾಕೆ? ಹುರುಪಿನಲ್ಲಿರುವವರಿಗೆ ಸುಮ್ನೆ ಹೀಗೆ ಹೇಳಬೇಡಿ, ಅವರ ವರ್ಷ ಹೋಗುತ್ತದೆ. ಅನ್‌ರಿಯಲ್ ಒಳ್ಳೆಯದೇ, ತಂಡ ಇದ್ದರೆ. 2ಡಿ ಆದರೆ ನನ್ನ ಮತ ಗೋಡೋ ಎಂಬ ಎಂಜಿನ್‌ಗೆ. ಯೂನಿಟಿಯ ರನ್‌ಟೈಮ್ ಫೀ (ಗೇಮ್ ಇನ್‌ಸ್ಟಾಲ್ ಆದ ಲೆಕ್ಕಕ್ಕೆ ಕೇಳಲಿದ್ದ ದುಡ್ಡು) ಭಯಕ್ಕೆ ಓಡುತ್ತಿದ್ದರೆ, ಅದನ್ನು ಅವರು 2024ರ ಸೆಪ್ಟೆಂಬರ್‌ನಲ್ಲೇ ಕೈಬಿಟ್ಟರು. ಎಲ್‌ಟಿಎಸ್ ಆವೃತ್ತಿ, ಅಂದರೆ ದೀರ್ಘಕಾಲ ಬೆಂಬಲ ಸಿಗುವ ಆವೃತ್ತಿ ಹಿಡಿದು ಕೂತುಬಿಡಿ. ನಡುವೆ ಅಪ್‌ಗ್ರೇಡ್ ಮಾಡಬೇಡಿ.

ಹಕ್ಕಿನ ವಿಷಯ ನೀವು ಬರೆದೇ ಇಲ್ಲ. ಗೇಮ್ ನಿಮ್ಮದಲ್ಲ ಅಲ್ವಾ? ಕಂಪನಿ ಮುಚ್ಚಿದೆ ಅಂದರೆ ಹಕ್ಕು ಯಾರದ್ದೂ ಅಲ್ಲ ಅಂತ ಅರ್ಥ ಅಲ್ಲ. ಸಿಸ್ಟಂ ಶಾಕ್ ಮಾಡಿದ ಲುಕಿಂಗ್ ಗ್ಲಾಸ್ 2000ದಲ್ಲಿ ಮುಚ್ಚಿತು, ಹಕ್ಕು ಹೋಗಿ ಸೇರಿದ್ದು ಒಂದು ವಿಮಾ ಕಂಪನಿಗೆ. ಕಿಕ್ ಆ ವಿಮಾ ಕಂಪನಿಯನ್ನೇ ಹುಡುಕಿಕೊಂಡು ಹೋಗಿ ಕೇಳಿದ. ನೀವೂ ಮೊದಲು ಒಂದು ಮೇಲ್ ಹಾಕಿ. ಉತ್ತರ ಬರುವವರೆಗೆ ದುಡ್ಡಿಗೆ ಮಾರುವ ಮಾತು ಬೇಡ.

ಹೊಸ ಕತೆ, ಕ್ರಾಫ್ಟಿಂಗ್ ಎಲ್ಲ ಬೇರೆ ಫೈಲ್‌ನಲ್ಲಿ ಬರೆದಿಡಿ, ಎರಡನೇ ಗೇಮ್‌ಗೆ ಆಗುತ್ತದೆ. ಇವತ್ತಿನ ಯೂನಿಟಿ ಪ್ರಾಜೆಕ್ಟ್‌ಗೆ ಗಿಟ್‌ನಲ್ಲಿ (ಪ್ರಾಜೆಕ್ಟ್‌ನ ಹಳೇ ಪ್ರತಿಗಳನ್ನು ಕಾಯ್ದಿಡುವ ಸಾಫ್ಟ್‌ವೇರ್) ಒಂದು ಟ್ಯಾಗ್, ಅಂದರೆ ಗುರುತು ಹಾಕಿ. ಹಳೇ ಗೇಮ್‌ನ ಮೊದಲ ಲೆವೆಲ್ ವಿಡಿಯೊ ಇದ್ದರೆ ಇಲ್ಲಿ ಹಾಕಿ, ಈ ಭಾನುವಾರ ಕೂತು ಫ್ರೇಮ್ ಎಣಿಸಿ ಕೊಡುತ್ತೇನೆ.